ಅಟ್ರಾಕ್ಟಾಳ ಪಾಲಿನ ಬಾಗಿಲು

ಕಾರು ಮಾರುವವರನ್ನು ನುಂಗಿ ನೀರು ಕುಡಿಯುತ್ತೇನೆ ಎಂದು ಮ್ಯಾಲಕಿ ಟ್ಯಾನ್ಸಿ ಘೋಷಿಸಿದ್ದು ಬುಧವಾರ ಬೆಳಗ್ಗೆ, ಓಟ್ಸ್ ಗಂಜಿಯ ಬಟ್ಟಲಿನ ಮುಂದೆ ಕೂತು. ರಾಸ್ಕಾಮನ್ ಜಿಲ್ಲೆಯಲ್ಲಿ ಅವನಷ್ಟು ಚೌಕಾಸಿ ಬಲ್ಲ ಗಂಡಸು ಇನ್ನೊಬ್ಬ ಹುಟ್ಟಿಲ್ಲ. ಹುಟ್ಟಿದ್ದರೆ ಅವನಪ್ಪ ಒಬ್ಬನೇ, ಅವನಪ್ಪ ಸತ್ತು ಮೂವತ್ತು ವರ್ಷವಾಯಿತು. ಆದ್ದರಿಂದ ಕಿರೀಟ ಈಗ ತನ್ನ ತಲೆಯ ಮೇಲೆಯೇ ಇದೆ ಎಂಬುದು ಅವನ ತರ್ಕ. ಅಪ್ಪ ಬಿಟ್ಟುಹೋದದ್ದು ಹದಿನೇಳು ಎಕರೆ ಜೌಗು ನೆಲ, ದನದ ಸಂತೆಗೆ ಒಯ್ಯುತ್ತಿದ್ದ ಒಂದು ಕೋಲು, ಮತ್ತು ವ್ಯಾಪಾರದ ಮೂರು ಸೂತ್ರ. ನೆಲದಲ್ಲಿ ಜೊಂಡು ಬಿಟ್ಟು ಬೇರೇನೂ ಬೆಳೆಯಲಿಲ್ಲ. ಸೂತ್ರಗಳನ್ನಾದರೂ ಬಿತ್ತಿ ನೋಡೋಣವೆಂದು ಅವನು ಅರವತ್ತೆರಡು ವರ್ಷ ಕಾದಿದ್ದ.

"ಮೊದಲನೇದು, ಇಷ್ಟವಾಗಿದ್ದನ್ನ ಇಷ್ಟ ಅಂತ ತೋರಿಸ್ಕೋಬಾರ್ದು," ಎಂದು ಚಮಚ ಎತ್ತಿ ಹೆಂಡತಿಗೆ ಪಾಠ ಶುರುಮಾಡಿದ. "ಎರಡನೇದು, ನಮ್ಮ ಮಾಲಿಗೆ ಬೆಲೆ ಏರಿಸೋಕೆ ನಮ್ಮವನೇ ಒಬ್ಬ ಗಿರಾಕಿ ಥರ ಬರಬೇಕು. ಮೂರನೇದು, ಮೂರು ಸಲ ಎದ್ದು ಹೋಗಬೇಕು. ಮೂರನೇ ಸಲ ಅವರೇ ಓಡಿ ಬಂದು ಕರೀತಾರೆ."

"ನನಗೆ ಬೇಕಾಗಿರೋದು ಒಂದೇ," ಎಂದಳು ಅಟ್ರಾಕ್ಟಾ. "ಬಾಗಿಲು."

ಅವಳು ಬಾಗಿಲು ಎಂದದ್ದು ಸುಮ್ಮನೆ ಅಲ್ಲ. ಟ್ಯಾನ್ಸಿ ದಂಪತಿಯ ಕಾರಿಗೆ ಹದಿನಾರು ವರ್ಷ. ಅದರ ಮುಂದಿನ ಎಡಬಾಗಿಲು, ಅಂದರೆ ಅಟ್ರಾಕ್ಟಾ ಕೂರುವ ಕಡೆಯದು, ಎರಡು ಚಳಿಗಾಲದ ಹಿಂದೆ ಮುಚ್ಚಿದ್ದು ಮತ್ತೆ ತೆರೆದಿರಲಿಲ್ಲ. ಮ್ಯಾಲಕಿ ಅದಕ್ಕೆ ಎಣ್ಣೆ ಬಿಟ್ಟ, ಒದ್ದ, ಸುತ್ತಿಗೆಯಲ್ಲಿ ಬಡಿದ, ಕೊನೆಗೆ ಹುಲ್ಲಿನ ಕಟ್ಟಿಗೆ ಬಿಗಿಯುವ ನೀಲಿ ಹಗ್ಗದಿಂದ ಕಟ್ಟಿ, "ಈಗ ಗಾಳಿನಾದ್ರೂ ಬರಲ್ಲ" ಎಂದು ಕೈ ತೊಳೆದುಕೊಂಡ. ಅಂದಿನಿಂದ ಪ್ರತಿ ಭಾನುವಾರ ಚರ್ಚಿನ ಮುಂದೆ ಒಂದು ಪ್ರದರ್ಶನ. ಮೊದಲು ಮ್ಯಾಲಕಿ ಇಳಿದು ತನ್ನ ಕಡೆಯ ಬಾಗಿಲು ಹಿಡಿದು ನಿಲ್ಲುತ್ತಿದ್ದ. ಆಮೇಲೆ ಅಟ್ರಾಕ್ಟಾ ತನ್ನ ಸೀಟಿನಿಂದ ಗೇರಿನ ಕಡ್ಡಿ ದಾಟಿ, ಸ್ಟಿಯರಿಂಗಿನ ಕೆಳಗೆ ನುಸುಳಿ ಹೊರಬರಬೇಕು. ಅವನು ಹೊರಗಿನಿಂದ ಹಡಗು ದಡಕ್ಕೆ ತರುವವನ ಗತ್ತಿನಲ್ಲಿ ಕೂಗುತ್ತಿದ್ದ: "ಬಲಗಾಲು ಮೊದಲು. ತಲೆ ಬಗ್ಗಿಸು. ಗೇರ್ ಕಡ್ಡಿ ಜೋಪಾನ." ಹೋದ ಕ್ರಿಸ್‌ಮಸ್ಸಿಗೆ ಅವಳ ಮೊಣಕೈ ಹಾರ್ನಿನ ಮೇಲೆ ಬಿದ್ದು, ಚರ್ಚಿಗೆ ಬಂದವರೆಲ್ಲ ತಿರುಗಿ ನೋಡಿದ್ದರು. ಆ ಹೊತ್ತಿನಲ್ಲಿ ಅವಳ ಒಂದು ಕಾಲು ಒಳಗೆ, ಒಂದು ಹೊರಗೆ ಇತ್ತು.

ಹಿಂದೆ ಕೂರಬಹುದಲ್ಲ ಎಂದು ನೀವು ಕೇಳಬಹುದು. ಮ್ಯಾಲಕಿಯೂ ಕೇಳಿದ್ದ. ಆದರೆ ಹಿಂದಿನ ಸೀಟು ಟಗರಿನದು. ಮ್ಯಾಲಕಿ ತನ್ನ ಟಗರುಗಳನ್ನು ಅದರಲ್ಲೇ ಸಾಗಿಸುತ್ತಿದ್ದ. ಒಮ್ಮೆ ಒಂದು ಟಗರು ಬಾಗಿಲು ತೆರೆದುಕೊಂಡು ದಾರಿಯಲ್ಲೇ ಇಳಿದುಹೋದ ಮೇಲೆ, ಹಿಂದಿನ ಎರಡೂ ಬಾಗಿಲು ಒಳಗಿನಿಂದ ತೆರೆಯದ ಹಾಗೆ ಪುಟ್ಟ ಬೀಗ ತಿರುಗಿಸಿಟ್ಟಿದ್ದ. ಆ ಬೀಗವೂ ತುಕ್ಕು ಹಿಡಿದು ಹಾಗೇ ನಿಂತುಬಿಟ್ಟಿತು. "ಟಗರು ಕೂತ ಸೀಟಲ್ಲಿ ನಾನು ಕೂರಲ್ಲ, ಟಗರಿನ ಹಾಗೆ ಯಾರೋ ಬಂದು ಇಳಿಸ್ಲಿ ಅಂತ ಕಾಯೋದೂ ಇಲ್ಲ" ಎಂದು ಅಟ್ರಾಕ್ಟಾ ಅಂದೇ ಹೇಳಿ ಮುಗಿಸಿದ್ದಳು.

ಈಗ ಬರುವ ಭಾನುವಾರ ಅವಳ ತಂಗಿಯ ಮೊಮ್ಮಗಳ ದೀಕ್ಷಾಸ್ನಾನ. ಧರ್ಮತಾಯಿ ಅಟ್ರಾಕ್ಟಾಳೇ. ಗಾಲ್ವೇ ನಗರಕ್ಕೆ ಹೋಗಿ ಕೆನೆ ಬಣ್ಣದ ಕೋಟು ತಂದಿದ್ದಳು. ಆ ಕೋಟು ತೊಟ್ಟು ಗೇರಿನ ಕಡ್ಡಿ ದಾಟುವ ಪ್ರಶ್ನೆಯೇ ಇಲ್ಲ. "ಭಾನುವಾರ ನನ್ನ ಕಡೆ ಬಾಗಿಲಿಂದ, ನನ್ನ ಕಾಲ ಮೇಲೆ, ಮನುಷ್ಯರ ಹಾಗೆ ಇಳೀಬೇಕು. ಅಷ್ಟು ಮಾಡು ಮಾರಾಯ. ಬೆಲೆ ಏನಾದ್ರೂ ಆಗ್ಲಿ."

ಬೆಲೆ ಏನಾದರೂ ಆಗಲಿ ಎಂಬ ಮಾತು ಕೇಳಿ ಮ್ಯಾಲಕಿ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

ಗುರುವಾರ ಬೆಳಗ್ಗೆ ಪೇಟೆಯ ಕಾರಿನಂಗಡಿಗೆ ಹೋದರು. ಅಂಗಡಿಯ ಒಡತಿ ಗ್ರಾನ್ಯಾ ಮಲ್ರೆನನ್, ಮೂವತ್ತು ದಾಟಿರದ ಹೆಣ್ಣು, ನೀಲಿ ಕೋಟು, ಕೈಯಲ್ಲಿ ಫೋನು. ಮ್ಯಾಲಕಿಗೆ ಅವಳನ್ನು ನೋಡಿ ಅಯ್ಯೋ ಪಾಪ ಅನ್ನಿಸಿತು. ಈ ಮಗುವಿಗೆ ಸಂತೆಯ ಪಟ್ಟುಗಳು ಎಲ್ಲಿಂದ ಗೊತ್ತಿರಬೇಕು, ಸ್ವಲ್ಪ ಮೆತ್ತಗೇ ಹೊಡೆಯೋಣ ಎಂದುಕೊಂಡ.

ಅವನು ಮೊದಲೇ ಗುರುತು ಹಾಕಿಟ್ಟಿದ್ದ ಬೆಳ್ಳಿ ಬಣ್ಣದ ಕಾರು ಬಾಗಿಲ ಹತ್ತಿರವೇ ನಿಂತಿತ್ತು. ಐದು ವರ್ಷದ್ದು, ಒಬ್ಬ ದಾದಿ ಓಡಿಸಿದ್ದು, ಹನ್ನೊಂದೂವರೆ ಸಾವಿರ ಯೂರೋ. ಮ್ಯಾಲಕಿ ಅದನ್ನು ಬಿಟ್ಟು ಉಳಿದ ಎಲ್ಲ ಕಾರುಗಳನ್ನೂ ನೋಡಿದ. ಕೊನೆಗೆ ಅಕಸ್ಮಾತ್ ಎಡವಿದವನಂತೆ ಇದರ ಮುಂದೆ ನಿಂತು, ಟೈರಿಗೆ ಕೋಲಿನಿಂದ ತಟ್ಟಿ, ಸಾಯಲಿರುವ ಹಸುವನ್ನು ಕಂಡವನ ಹಾಗೆ ನಿಟ್ಟುಸಿರು ಬಿಟ್ಟ. ಬಣ್ಣ ಸರಿಯಿಲ್ಲ ಎಂದ. ಬಾಲ ಗಿಡ್ಡವಾಯಿತು ಎಂದ. ಈ ಕಾರು ತನ್ನ ಕಡೆ ನೋಡುವ ನೋಟವೇ ಸರಿಯಿಲ್ಲ ಎಂದ. ಗ್ರಾನ್ಯಾ ಎಲ್ಲಕ್ಕೂ ತಲೆಯಾಡಿಸಿದಳು.

ಅಷ್ಟರಲ್ಲಿ ಬೆನ್ನ ಹಿಂದೆ ಸದ್ದು ಕೇಳಿತು. ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಸಪ್ಪೆ ಮುಖ ಮಾಡಿಕೊಂಡು ಮೂಲೆಯಲ್ಲಿ ನಿಲ್ಲು ಎಂದು ಅವನು ಹತ್ತು ಸಲ ಹೇಳಿ ಕರೆತಂದಿದ್ದ ಅಟ್ರಾಕ್ಟಾ, ಬೆಳ್ಳಿ ಕಾರಿನ ಎಡಬಾಗಿಲು ತೆರೆದು ಕೂತು, ಬಾಗಿಲು ಹಾಕಿ, ತೆರೆದು, ಇಳಿದು, ಮತ್ತೆ ಹತ್ತಿ ಕೂರುತ್ತಿದ್ದಳು. ಮುಖದಲ್ಲಿ ಮೊದಲ ಸಲ ಸಮುದ್ರ ನೋಡಿದವಳ ಸಂತೋಷ. ಒಂಬತ್ತು ಸಲ ಟಕ್ ಎಂದಿತು. ಮ್ಯಾಲಕಿ ಮನಸ್ಸಿನಲ್ಲೇ ಲೆಕ್ಕ ಹಾಕಿದ, ಒಂದೊಂದು ಟಕ್ಕಿಗೆ ಐವತ್ತು ಯೂರೋ ನಷ್ಟ.

"ಯಜಮಾನತಿಗೆ ಹಿಡಿಸಿದ ಹಾಗಿದೆ," ಎಂದಳು ಗ್ರಾನ್ಯಾ.

"ಅವಳಿಗೆ ಎಲ್ಲ ಬಾಗಿಲೂ ಹಿಡಿಸ್ತವೆ," ಎಂದು ಮ್ಯಾಲಕಿ ಹಲ್ಲು ಕಚ್ಚಿ ಹೇಳಿ, ಮಾತನ್ನು ಹಳೆಯ ಕಾರಿನ ಕಡೆಗೆ ತಿರುಗಿಸಿದ. ಅದಕ್ಕೆ ಎರಡೂವರೆ ಸಾವಿರ ಹಿಡಿದುಕೊಂಡು ಉಳಿದದ್ದಕ್ಕೆ ಮಾತಾಡೋಣ ಎಂದ. ಗ್ರಾನ್ಯಾ ಹೊರಗೆ ಬಂದು ಹಳೆಯ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ನೀಲಿ ಹಗ್ಗ ನೋಡಿದಳು. ಹಿಂದಿನ ಸೀಟಿನ ಉಣ್ಣೆ ನೋಡಿದಳು. ಬಾನೆಟ್ ಎತ್ತಿದಾಗ ಒಳಗೆ ಒಣಗಿದ ಹಕ್ಕಿಗೂಡು ಕಂಡಿತು. ಅದನ್ನು ಮೆಲ್ಲಗೆ ಮುಚ್ಚಿ, "ಆರುನೂರು," ಎಂದಳು. "ಅದೂ ಗೂಡಿನ ಮೇಲಿನ ಮರ್ಯಾದೆಗೆ."

ಎರಡನೇ ಸೂತ್ರದ ಮುಹೂರ್ತ ಬಂದಿತ್ತು. ಮ್ಯಾಲಕಿ ಟೋಪಿ ತೆಗೆದು ತಲೆ ಕೆರೆದ. ಅದು ಸನ್ನೆ. ಎದುರಿನ ಚಹಾದಂಗಡಿಯಿಂದ ಹ್ಯೂಬರ್ಟ್ ಲಾವಿನ್ ರಸ್ತೆ ದಾಟಿ ಬಂದ.

ಹ್ಯೂಬರ್ಟ್ ಅವನ ಪಕ್ಕದ ಹೊಲದವನು, ಮದುವೆಯಾಗದ ಮುದುಕ, ಪೇಟೆಗೂ ಟ್ರ್ಯಾಕ್ಟರಿನಲ್ಲೇ ಬರುವವನು. ಅರವತ್ತೈದು ವರ್ಷದಲ್ಲಿ ಒಂದು ಸುಳ್ಳನ್ನೂ ಹೇಳಿದವನಲ್ಲ, ಸಂದರ್ಭ ಬಂದಿರಲಿಲ್ಲ. ಅವನಿಗೆ ಮ್ಯಾಲಕಿ ಎರಡು ಸಂಜೆ ತಾಲೀಮು ಕೊಟ್ಟಿದ್ದ. ಕಾರು ಹೊಗಳಬೇಕು, ಸಾವಿರದ ಐನೂರು ಎನ್ನಬೇಕು, ಮ್ಯಾಲಕಿ ಎರಡು ಸಾವಿರ ಎಂದಾಗ "ಯೋಚನೆ ಮಾಡಿ ಬರ್ತೀನಿ" ಎಂದು ಹೊರಟುಹೋಗಬೇಕು. ಇಷ್ಟೇ. ಆಮೇಲೆ ಗ್ರಾನ್ಯಾ ಹೆದರಿ ತನ್ನ ಬೆಲೆ ಏರಿಸುತ್ತಾಳೆ.

ಹ್ಯೂಬರ್ಟ್ ಬಂದವನೇ ಬೈಬಲ್ ಪಾಠ ಒಪ್ಪಿಸುವ ದನಿಯಲ್ಲಿ, "ಆಹಾ, ಎಂಥ ಸೊಗಸಾದ ಕಾರು. ಇದು ಮಾರಾಟಕ್ಕಿದೆಯೇ, ಅಪರಿಚಿತರೇ?" ಎಂದ.

ನಲವತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು ಪ್ರಾರ್ಥನೆ ಮಾಡಿದವನು ಅಪರಿಚಿತರೇ ಎಂದದ್ದು ಕೇಳಿ ಅಟ್ರಾಕ್ಟಾ ಕಣ್ಣು ಮುಚ್ಚಿಕೊಂಡಳು. ಮ್ಯಾಲಕಿ ಮಾತ್ರ ಜಗ್ಗಲಿಲ್ಲ, ಎಷ್ಟು ಕೊಡ್ತೀಯ ಎಂದ. ಹ್ಯೂಬರ್ಟ್ ತನ್ನ ಅಂಗೈಯನ್ನು ಕಣ್ಣ ಹತ್ತಿರ ತಂದು ನೋಡಿಕೊಂಡು, ಸಾವಿರದ ಐನೂರು ಎಂದ. ಎರಡು ಸಾವಿರಕ್ಕೆ ಒಂದು ಕಾಸೂ ಕಡಿಮೆಯಿಲ್ಲ ಎಂದು ಇವನು ಗುಡುಗಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಮುಂದಿನ ಮಾತು ಹ್ಯೂಬರ್ಟನಿಗೆ ಮರೆತುಹೋಗಿತ್ತು.

ಆ ಒಂದು ಗಳಿಗೆ ಸಾಕಾಯಿತು. ಗ್ರಾನ್ಯಾ ಫೋನನ್ನು ಜೇಬಿಗಿಳಿಸಿ, ಇಬ್ಬರ ಬಲಗೈಯನ್ನೂ ಮಣಿಕಟ್ಟಿನಲ್ಲಿ ಹಿಡಿದುಬಿಟ್ಟಳು. ಹಿಡಿತ ಕರು ಕಟ್ಟುವವರ ಹಿಡಿತ.

"ಅವರು ಸಾವಿರದ ಐನೂರು ಅಂತಾರೆ, ನೀವು ಎರಡು ಸಾವಿರ. ನಡುವಿಂದ ಸೀಳಿ," ಎಂದಳು. "ಸಾವಿರದ ಏಳುನೂರಾ ಐವತ್ತು. ಅಂಗೈಗೆ ಉಗುಳಿ, ಕೈಗೆ ಕೈ ಹೊಡೀರಿ."

ಹಳೆಯ ದನದ ಸಂತೆಯಲ್ಲಿ ಮೂರನೆಯವನು ಬಂದು ಹೀಗೆ ಕೈ ಕೂಡಿಸಿದರೆ ಮುಗಿಯಿತು, ಇಲ್ಲವೆನ್ನುವವನು ಊರಲ್ಲಿ ತಲೆಯೆತ್ತಿ ತಿರುಗುವಂತಿಲ್ಲ. ಹ್ಯೂಬರ್ಟ್ ಅಭ್ಯಾಸಬಲದಿಂದ ಅಂಗೈಗೆ ಉಗುಳಿಯೇಬಿಟ್ಟ. ಛಟ್ ಎಂದು ಸದ್ದಾಯಿತು. ಆಗಲೇ ಮ್ಯಾಲಕಿಯ ಕಣ್ಣು ಒಳಗಿನ ಬೆಂಚಿನ ಕಡೆಗೆ ಹೋಯಿತು. ಪಂಕ್ಚರ್ ಹಾಕಿಸಲು ಬಂದಿದ್ದ ಊರಿನ ಪಾದ್ರಿ ಫಾದರ್ ಕಾನ್ಲೆತ್, ಚಹಾದ ಕಪ್ಪು ಹಿಡಿದು, ಎಲ್ಲವನ್ನೂ ನೋಡುತ್ತಿದ್ದರು.

"ದೇವರು ಈ ವ್ಯಾಪಾರ ಹರಸಲಿ," ಎಂದರು ಫಾದರ್. ಇದು ನಾಟಕವೆಂದು ಅವರಿಗೆ ತಿಳಿದಿರಲಿಲ್ಲ.

ಗ್ರಾನ್ಯಾ ಹ್ಯೂಬರ್ಟನ ಅಂಗೈ ಬಿಡಿಸಿ ನೋಡಿದಳು. ಪೆನ್ನಿನಲ್ಲಿ ಬರೆದ ಅಂಕಿ ಉಗುಳಿಗೆ ಕದಡಿತ್ತು. "ನಮ್ಮಜ್ಜ ನಲವತ್ತು ವರ್ಷ ಸಂತೆ ದಲ್ಲಾಳಿ ಆಗಿದ್ರು, ಮ್ಯಾಲಕಿಯವರೇ. ಸುಳ್ಳು ಗಿರಾಕೀನ ತರೋದನ್ನ ನಿಮ್ಮಪ್ಪಂಗೆ ಕಲಿಸಿದ್ದು ನಾನೇ ಅಂತಿದ್ರು. ಆದ್ರೆ ಅವರ ಗಿರಾಕಿಗಳಿಗೆ ಬೆಲೆ ಬಾಯಿಪಾಠ ಬರ್ತಿತ್ತು."

ಚಾಪೆಯ ಕೆಳಗೆ ತೂರಲು ಹೋದವನಿಗೆ ರಂಗೋಲಿಯ ಕೆಳಗೆ ತೂರುವವಳು ಸಿಕ್ಕಿದ್ದಳು. ಮ್ಯಾಲಕಿ ಹ್ಯೂಬರ್ಟನನ್ನು ಪಕ್ಕಕ್ಕೆ ಎಳೆದು, ಇದೆಲ್ಲ ಬರೀ ನಾಟಕ, ಮನೆಗೆ ಹೋದ ಮೇಲೆ ಮಾತಾಡೋಣ ಎಂದು ಪಿಸುಗುಟ್ಟಿದ. ಹ್ಯೂಬರ್ಟ್ ಬಿಳಿಚಿಕೊಂಡಿದ್ದ. ಆದರೂ ಆಗಲ್ಲ ಎಂದು ತಲೆಯಾಡಿಸಿದ. "ಫಾದರ್ ಎದುರಿಗೆ ಕೈಗೆ ಕೈ ಹೊಡೆದಾಯ್ತು ಕಣೋ. ಕರು ಮಾರಿದ ದುಡ್ಡಿದೆ. ನನ್ನ ಮಾತು ನಾನು ಮುರಿಯಲ್ಲ." ಎಣಿಸಿ ಕೊಟ್ಟೂಬಿಟ್ಟ. ಕೊಟ್ಟು, ಕೈ ಚಾಚಿಕೊಂಡೇ ನಿಂತ. ಮಾರಿದವನು ಕೊಂಡವನಿಗೆ ಒಂದಿಷ್ಟು ಅದೃಷ್ಟದ ಕಾಸು ಹಿಂದಿರುಗಿಸಬೇಕು, ಇಲ್ಲದಿದ್ದರೆ ಮಾಲು ದಕ್ಕುವುದಿಲ್ಲ ಎಂಬುದು ಅಲ್ಲಿನ ನಂಬಿಕೆ. ಮ್ಯಾಲಕಿ ಸಂಕಟಪಟ್ಟುಕೊಂಡು ಇಪ್ಪತ್ತು ಯೂರೋ ಕೊಟ್ಟ.

ನ್ಯಾಯವಾಗಿ ನೋಡಿದರೆ ಅವನಿಗೆ ಲಾಭವೇ ಆಗಿತ್ತು. ಆರುನೂರರ ಕಾರಿಗೆ ಸಾವಿರದ ಏಳುನೂರು ಚಿಲ್ಲರೆ ಬಂದಿತ್ತು. ಅಲ್ಲಿಗೆ ಸುಮ್ಮನಿದ್ದು ಬೆಳ್ಳಿ ಕಾರನ್ನು ಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೂರನೇ ಸೂತ್ರ ಇನ್ನೂ ಬಾಕಿಯಿತ್ತು, ಮತ್ತು ಮ್ಯಾಲಕಿಯ ಮಾನಕ್ಕೆ ಪೆಟ್ಟು ಬಿದ್ದಿತ್ತು. ಒಂದು ಸಲ ಎದ್ದು ಹೋದ, ಗ್ರಾನ್ಯಾ ಕರೆದು ಇನ್ನೂರು ಇಳಿಸಿದಳು. ಎರಡನೇ ಸಲ ಗೇಟಿನವರೆಗೆ ಹೋದ, ಮತ್ತೆ ಕರೆದು ಮುನ್ನೂರು ಇಳಿಸಿದಳು. ಹನ್ನೊಂದು ಸಾವಿರಕ್ಕೆ ನಿಂತಿತು. ಅಟ್ರಾಕ್ಟಾ ಆಗಲೇ ಬೆಳ್ಳಿ ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡಿದ್ದಳು.

"ಅದೃಷ್ಟದ ಕಾಸು ನೂರು," ಎಂದ ಮ್ಯಾಲಕಿ.

"ಐವತ್ತು," ಎಂದಳು ಗ್ರಾನ್ಯಾ.

ಅಟ್ರಾಕ್ಟಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಮ್ಯಾಲಕಿ, ಆ ಐವತ್ತು ನನ್ನ ಪರ್ಸಲ್ಲಿದೆ. ನಾನೇ ಕೊಡ್ತೀನಿ. ಇದನ್ನ ನನ್ನ ಹುಟ್ಟುಹಬ್ಬದ ಉಡುಗೊರೆ ಅಂದ್ಕೋ. ಹತ್ತು ಹುಟ್ಟುಹಬ್ಬದ್ದು ಅಂದ್ಕೋ."

"ಇದು ದುಡ್ಡಿನ ಪ್ರಶ್ನೆ ಅಲ್ಲ, ಇಳಿ ಕೆಳಗೆ," ಎಂದು ಮ್ಯಾಲಕಿ ಮೂರನೇ ಸಲ ಹೊರಟ.

ಅವಳು ಇಳಿದಳು. ಬಾಗಿಲನ್ನು ತುಂಬ ಮೆಲ್ಲಗೆ ಹಾಕಿದಳು. ಟಕ್ ಎಂದದ್ದು ಕೇಳಿ ಮ್ಯಾಲಕಿಯ ಹೆಜ್ಜೆಯೂ ನಿಧಾನವಾಯಿತು, ಆದರೆ ಸೂತ್ರ ಸೂತ್ರವೇ. ಗೇಟು ದಾಟಿ, ರಸ್ತೆ ದಾಟಿ, ಬಸ್ಸಿನ ತಂಗುದಾಣದವರೆಗೆ ನಡೆದ. ತಿರುಗಿ ನೋಡುವಂತಿಲ್ಲವಾದ್ದರಿಂದ ಬಸ್ಸಿನ ವೇಳಾಪಟ್ಟಿಯ ಗಾಜಿನಲ್ಲಿ ಹಿಂದಿನದನ್ನು ನೋಡುತ್ತ ನಿಂತ. ಜಿನುಗುಮಳೆ ಹಿಡಿಯಿತು. ಐದು ನಿಮಿಷ, ಯಾರೂ ಬರಲಿಲ್ಲ. ಹದಿನೈದು ನಿಮಿಷ. "ಬರ್ತಾಳೆ ನೋಡು, ಹೊಟ್ಟೆ ಉರೀತಿರುತ್ತೆ ಅವಳಿಗೆ," ಎಂದ. ಪಕ್ಕದಲ್ಲಿ ನಿಂತಿದ್ದ ಅಟ್ರಾಕ್ಟಾ ಮಳೆಗೆ ತಲೆವಸ್ತ್ರ ಬಿಗಿದುಕೊಂಡಳು. ಉರಿಯುತ್ತಿದ್ದ ಹೊಟ್ಟೆ ಯಾರದೆಂದು ಅವಳ ಮುಖ ನೋಡಿದ್ದರೆ ತಿಳಿಯುತ್ತಿತ್ತು.

ಇಪ್ಪತ್ತೈದನೇ ನಿಮಿಷಕ್ಕೆ ಬೆಳ್ಳಿ ಕಾರು ಗೇಟಿನಿಂದ ಹೊರಬಂತು. ಮ್ಯಾಲಕಿಯ ಮುಖ ಅರಳಿತು. ಗ್ರಾನ್ಯಾ ಕಾರನ್ನೇ ಕಾಲ ಬುಡಕ್ಕೆ ತರುತ್ತಿದ್ದಾಳೆ ಎಂದುಕೊಂಡ. ಕಾರು ಹತ್ತಿರ ಬಂದು ನಿಧಾನವಾಯಿತು. ಒಳಗಿದ್ದವರು ಫಾದರ್ ಕಾನ್ಲೆತ್. ಕೈಬೀಸಿ, ಕಿಟಕಿ ಇಳಿಸಿ, ತಮ್ಮ ಕಾರಿಗೆ ನಾಲ್ಕೂ ಟೈರು ಹೊಸದು ಬೇಕೆಂದರು, ಅದರ ಬದಲು ಇದನ್ನೇ ತಗೊಂಡುಬಿಟ್ಟೆ ಎಂದರು. ಬೆಲೆ ಎಷ್ಟೆಂದು ಕೇಳಿದರಂತೆ, ಅವಳು ಹೇಳಿದಳಂತೆ, ಇವರು ಆಗಲಿ ಎಂದರಂತೆ. "ಪಾಪ, ಅದೃಷ್ಟದ ಕಾಸು ಅಂತ ನೂರು ಯೂರೋ ವಾಪಸ್ ಕೊಟ್ಲು. ನಾನು ಕೇಳೇ ಇರಲಿಲ್ಲ." ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಕೇಳಿದ್ದೇವೆ. ಇಲ್ಲಿ ವರವನ್ನೇ ಪೂಜಾರಿ ಓಡಿಸಿಕೊಂಡು ಹೋದ.

ಅವರ ಹಿಂದೆಯೇ ಹ್ಯೂಬರ್ಟ್ ತನ್ನ ಹೊಸ ಹಳೆಯ ಕಾರಿನಲ್ಲಿ ಬಂದು ನಿಂತ. ಟ್ರ್ಯಾಕ್ಟರನ್ನು ಆಮೇಲೆ ಒಯ್ಯುತ್ತೇನೆ, ಹತ್ತಿ ಎಂದ. ಅಟ್ರಾಕ್ಟಾ ಮತ್ತೆ ಗೇರಿನ ಕಡ್ಡಿ ದಾಟಿ ತನ್ನ ಹಳೆಯ ಜಾಗಕ್ಕೆ ಸೇರಿದಳು. ಮ್ಯಾಲಕಿ ಉಣ್ಣೆಯ ನಡುವೆ ಹಿಂದೆ ಕೂತ. ಮನೆ ಮುಂದೆ ಹ್ಯೂಬರ್ಟ್ ಇಳಿದು ಹೊರಗಿನಿಂದ ಬಾಗಿಲು ತೆರೆಯುವವರೆಗೆ ಹಾಗೇ ಕೂತಿರಬೇಕಾಯಿತು.

ಅಡುಗೆಮನೆಗೆ ಬಂದ ಮೇಲೆ ಅಟ್ರಾಕ್ಟಾ ಕೆನೆ ಬಣ್ಣದ ಕೋಟನ್ನು ಪೆಟ್ಟಿಗೆಯಿಂದ ತೆಗೆದು ಬಾಗಿಲ ಮೊಳೆಗೆ ನೇತುಹಾಕಿದಳು. ಅದಕ್ಕೆ ಕೇಳಿಸುವ ಹಾಗೆ ಹೇಳಿದಳು, "ನನಗೆ ಕಾರು ಬೇಡವಾಗಿತ್ತು. ಬಾಗಿಲು ಬೇಕಾಗಿತ್ತು." ಆಮೇಲೆ ಮೂರು ದಿನ ಮಾತಿಲ್ಲ. ಆಲೂಗಡ್ಡೆ ತಟ್ಟೆಗೆ ಬೀಳುವ ಸದ್ದಿನಲ್ಲೇ ಮ್ಯಾಲಕಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಐವತ್ತು ಯೂರೋಗೆ ಹೆಂಡತಿಯ ಒಂದೇ ಆಸೆಯನ್ನು ಮಾರಿ ಬಂದೆನಲ್ಲ ಎಂದು ಅವನಿಗೆ ನಿಜವಾಗಿಯೂ ನಾಚಿಕೆಯಾಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಶುಕ್ರವಾರವಿಡೀ ಫೋನು ಹಿಡಿದು ಸುತ್ತಲಿನ ಅಂಗಡಿಗಳಿಗೆಲ್ಲ ಕೇಳಿದ. ಭಾನುವಾರದೊಳಗೆ ಕಾಗದಪತ್ರ ಮಾಡಿ ಕಾರು ಕೊಡುವವರು ಯಾರೂ ಸಿಗಲಿಲ್ಲ.

ಉಳಿದದ್ದು ಒಂದೇ ದಾರಿ. ಶನಿವಾರ ಸಾವಿರದ ಏಳುನೂರಾ ಐವತ್ತನ್ನು ಜೇಬಿಗೆ ಹಾಕಿಕೊಂಡು ಹ್ಯೂಬರ್ಟನ ಅಂಗಳಕ್ಕೆ ಹೋದ. ನಿನ್ನ ದುಡ್ಡು ನಿನಗೆ, ನನ್ನ ಕಾರು ನನಗೆ, ಹಗ್ಗ ಬಿಚ್ಚಿ ಸುತ್ತಿಗೆ ತಗೊಂಡು ಇನ್ನೊಂದು ಸಲ ನೋಡ್ತೀನಿ ಎಂದ. ಹ್ಯೂಬರ್ಟ್ ಕಾರಿನ ಹತ್ತಿರ ಹೋಗಿ ಎಡಬಾಗಿಲಿನ ಹಿಡಿ ಎಳೆದ. ಬಾಗಿಲು ಬೆಣ್ಣೆಯ ಹಾಗೆ ತೆರೆಯಿತು. ಹಾಕಿದ. ಟಕ್.

"ಒಂದು ಸ್ಪ್ರಿಂಗು ಹೋಗಿತ್ತು ಅಷ್ಟೇ," ಎಂದ. "ಗುಜರಿಯಲ್ಲಿ ಹದಿನೆಂಟು ಯೂರೋ. ನೀನು ಕೊಟ್ಟ ಅದೃಷ್ಟದ ಕಾಸಲ್ಲಿ ತಂದೆ. ಎರಡು ಯೂರೋ ಮಿಕ್ಕಿತು, ಐಸ್‌ಕ್ರೀಂ ತಿಂದೆ."

ಮ್ಯಾಲಕಿ ಲೆಕ್ಕ ಹಾಕಿದ. ಎರಡು ಚಳಿಗಾಲ, ನೂರು ಭಾನುವಾರ, ಹದಿನೆಂಟು ಯೂರೋ. ಲೆಕ್ಕ ಮುಗಿದ ಮೇಲೆ, ಸರಿ, ಸ್ಪ್ರಿಂಗಿನ ದುಡ್ಡೂ ಸೇರಿಸಿ ಕೊಡುತ್ತೇನೆ ಎಂದ. ಹ್ಯೂಬರ್ಟ್ ಕಾರಿನ ಟೈರನ್ನು ಕಾಲಿನಿಂದ ತಟ್ಟಿ ನಿಟ್ಟುಸಿರು ಬಿಟ್ಟ.

"ಎರಡು ಸಾವಿರದ ಇನ್ನೂರು. ಈಗ ನಾಲ್ಕು ಬಾಗಿಲಿನ ಕಾರಲ್ವಾ," ಎಂದ.

ಹುಚ್ಚು ಹಿಡಿದಿದೆಯಾ ನಿನಗೆ ಎಂದು ಮ್ಯಾಲಕಿ ಶುರುಮಾಡುವಷ್ಟರಲ್ಲಿ ಹ್ಯೂಬರ್ಟ್ ಎದ್ದು ಹೋದ. ತನ್ನದೇ ಅಂಗಳದಿಂದ, ತನ್ನದೇ ಮನೆಯೊಳಗೆ. ಕಿಟಕಿಯ ಪರದೆಯ ಸಂದಿಯಿಂದ ನೋಡುತ್ತ ನಿಂತ. ಎರಡು ಸಂಜೆಯ ತಾಲೀಮು ವ್ಯರ್ಥವಾಗಿರಲಿಲ್ಲ. ಕೊನೆಗೆ ಬಾಗಿಲು ತೆರೆದು ಒಂದೇ ಮಾತು ಹೇಳಿದ: ಬೆಲೆಯದು ಆಮೇಲೆ ನೋಡೋಣ, ನಾಳೆ ಅಟ್ರಾಕ್ಟಾಳನ್ನು ನಾನೇ ಚರ್ಚಿಗೆ ಕರಕೊಂಡು ಹೋಗ್ತೀನಿ, ನೀನೂ ಬರೋದಾದ್ರೆ ಹಿಂದೆ ಜಾಗ ಇದೆ.

ಭಾನುವಾರ ಹನ್ನೊಂದಕ್ಕೆ ಚರ್ಚಿನ ಅಂಗಳ ತುಂಬಿತ್ತು. ಫಾದರ್ ಅವರ ಬೆಳ್ಳಿ ಕಾರು ಎಲ್ಲರಿಗೂ ಕಾಣುವ ಜಾಗದಲ್ಲಿ ಹೊಳೆಯುತ್ತಿತ್ತು. ಅದರ ಪಕ್ಕಕ್ಕೇ ಹ್ಯೂಬರ್ಟ್ ತನ್ನ ಕಾರು ತಂದು ನಿಲ್ಲಿಸಿದ. ನೆರೆದವರು ವಾಡಿಕೆಯಂತೆ ಬಲಬಾಗಿಲಿನ ಕಡೆ ತಿರುಗಿದರು, ಪ್ರದರ್ಶನ ತಪ್ಪಿಸಿಕೊಳ್ಳಬಾರದೆಂದು. ಎಡಬಾಗಿಲು ತೆರೆಯಿತು. ಮೊದಲು ಒಂದು ಬೂಟು, ಆಮೇಲೆ ಇನ್ನೊಂದು. ಕೆನೆ ಬಣ್ಣದ ಕೋಟು ಒಂದು ಸುಕ್ಕೂ ಇಲ್ಲದೆ ಬಿಸಿಲಿಗೆ ಬಂತು. ಅಟ್ರಾಕ್ಟಾ ನೆಟ್ಟಗೆ ನಿಂತು, ಬೆನ್ನ ಹಿಂದೆ ಬಾಗಿಲು ಹಾಕಿದಳು. ಟಕ್. ಯಾರೋ ಚಪ್ಪಾಳೆ ತಟ್ಟಿದರು, ಮಿಕ್ಕವರೂ ತಟ್ಟಿದರು. ಹ್ಯೂಬರ್ಟ್ ಇಳಿದು ಟೋಪಿ ತೆಗೆದು ಎಲ್ಲರ ಅಭಿನಂದನೆ ಸ್ವೀಕರಿಸುತ್ತ ಜನರ ನಡುವೆ ಕರಗಿಹೋದ.

ಟಗರಿನ ಸೀಟಿನಲ್ಲಿ ಮ್ಯಾಲಕಿ ಹಿಡಿ ಎಳೆದ. ತೆರೆಯಲಿಲ್ಲ. ಆ ಕಡೆಯದನ್ನು ಎಳೆದ. ಅದೂ ತೆರೆಯಲಿಲ್ಲ. ಗಾಜು ಬಡಿದ. ಗಂಟೆ ಹೊಡೆಯತೊಡಗಿತ್ತು. ಮಗುವನ್ನು ಒಳಗೊಯ್ಯುತ್ತಿದ್ದರು. ಅಟ್ರಾಕ್ಟಾ ಮೆಟ್ಟಿಲ ಹತ್ತಿರ ನಿಂತಳು, ತಿರುಗಿದಳು, ನಿಧಾನವಾಗಿ ಕಾರಿನ ಹತ್ತಿರ ಬಂದಳು. ಮ್ಯಾಲಕಿ ಕೈಮುಗಿದಷ್ಟು ವಿನಯದಿಂದ ಹೊರಗಿನ ಹಿಡಿಯ ಕಡೆ ಬೆರಳು ತೋರಿಸಿದ. ಅವಳು ಆ ಹಿಡಿಯನ್ನು ನೋಡಿದಳು. ತನ್ನ ಬಿಳಿ ಕೈಗವಸನ್ನು ನೋಡಿದಳು. ಆಮೇಲೆ ಮುಂದಿನ ಎಡಬಾಗಿಲನ್ನು ಪೂರ್ತಿ ತೆರೆದು, ಅದನ್ನು ಹಿಡಿದು ನಿಂತಳು. ಮೂರು ದಿನದ ಮೇಲೆ ಗಂಡನ ಜೊತೆ ಮಾತಾಡಿದಳು. ಅಂಗಳಕ್ಕೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ, ತುಂಬ ಅಕ್ಕರೆಯಿಂದ.

"ಎಡಗಾಲು ಮೊದಲು. ತಲೆ ಬಗ್ಗಿಸು. ಗೇರ್ ಕಡ್ಡಿ ಜೋಪಾನ."

ಅವನ ಮೊಣಕೈ ಹಾರ್ನಿನ ಮೇಲೆ ಬಿದ್ದಾಗ ಅವನ ಒಂದು ಕಾಲು ಒಳಗೆ, ಒಂದು ಹೊರಗೆ ಇತ್ತು.